ವ್ಯಾಕರಣ ತಪ್ಪಿಲ್ಲ

ಮಾರ್ಚ್ 4

ಅಪ್ಪ,

ನಿನ್ನೆಯೂ ಫೋನ್ ಮಾಡಿದೆ. ಅತ್ತೆಯೇ ಎತ್ತಿದರು. "ಅಣ್ಣ ಮಲಗಿದ್ದಾನೆ ಕಣೇ" ಎಂದರು. ಸಂಜೆ ಹೊತ್ತಿನಲ್ಲಿ ನೀವು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಕಿವಿ ಮಂದವಾಗಿದೆ, ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ ಎಂದು ಬರೆದಿದ್ದಿರಿ. ಒಪ್ಪಿದೆ. ಆದರೆ ಅದೇ ಪತ್ರದಲ್ಲಿ ನಮ್ಮ ವಾರ್ತೆಯಲ್ಲಿ 'ಅಧ್ಯಯನ'ವನ್ನು 'ಅದ್ಯಯನ' ಎಂದು ಓದಿದರೆಂದು ಹಿಡಿದಿದ್ದೀರಿ. ರೇಡಿಯೋಗೆ ಚುರುಕಾಗುವ ಕಿವಿ ಮಗಳಿಗೆ ಮಾತ್ರ ಮಂದವಾಗುತ್ತದೆಯೇ? ಇರಲಿ, ಜಗಳ ತೆಗೆಯಲು ಬರೆಯುತ್ತಿಲ್ಲ. ನಿಮ್ಮ ಸಲಹೆ ಬೇಕಾಗಿದೆ.

ನಮ್ಮಲ್ಲಿ ಬೆಳಗಿನ ವಾರ್ತೆ ಓದುವ ಹುಡುಗಿಯೊಬ್ಬಳಿದ್ದಾಳೆ. ಎಲ್ಲರೂ ಗುಬ್ಬಿ ಎಂದು ಕರೆಯುತ್ತೇವೆ. ಮೊನ್ನೆ ವಾರ್ತೆ ಮುಗಿಸಿ ಕಾಗದ ಜೋಡಿಸುತ್ತಿದ್ದಾಗ ಮೊಣಕೈ ತಗಲಿ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿತು. ಬಾಯಿಂದ ಒಂದು ಬೈಗುಳ ಬಂತು. ಒಂದೇ ಪದ. ಅದನ್ನು ಇಲ್ಲಿ ಬರೆದರೆ ನೀವು ಪತ್ರವನ್ನೇ ಹರಿದು ಹಾಕುತ್ತೀರಿ. ಮೈಕ್ ಇನ್ನೂ ತೆರೆದೇ ಇತ್ತು. ಮಧ್ಯಾಹ್ನದೊಳಗೆ ಅವಳನ್ನು ಮನೆಗೆ ಕಳಿಸಿದರು. ಗಂಟೆಗೊಮ್ಮೆ ಕೇಳುಗರ ಕ್ಷಮೆ ಕೋರಿದರು.

ಅದೇ ದಿನ ನಮ್ಮ ಮಾತಿನಮಲ್ಲ (ಹೆಸರು ಕೊಟ್ಟವರು ಕೇಳುಗರು, ಅವನೂ ಅದನ್ನೇ ಹಚ್ಚಿಕೊಂಡಿದ್ದಾನೆ) ತನ್ನ ಬೆಳಗಿನ ಕಾರ್ಯಕ್ರಮದಲ್ಲಿ ಬಸ್ಸಿನ ಕಂಡಕ್ಟರ್ ಹೆಂಗಸರ ಬಗ್ಗೆ, "ಬಸ್ಸಿನ ಅರ್ಧ ಭಾರ ಅವರದೇ, ಮತ್ತೆ ಬಸ್ಸು ಹೊತ್ತಿಗೆ ಸರಿಯಾಗಿ ಹೇಗೆ ಬರಬೇಕು ಹೇಳಿ" ಎಂದ. ಇನ್ನೂ ಏನೇನೋ ಅಂದ. ಯಾರೂ ಚಕಾರ ಎತ್ತಲಿಲ್ಲ. ಜಾಹೀರಾತಿನವರು ಅವನಿಗೆ ಸಿಹಿ ಕಳಿಸಿದರು.

ಈಗ ನನ್ನ ಕಷ್ಟ. ಮೈಕ್ ತೆರೆದಿರುವಾಗ ಉರಿಯಬೇಕಾದ ಕೆಂಪು ದೀಪ ವಾರದಿಂದ ಕೆಟ್ಟಿತ್ತು. ಮನಸ್ಸು ಬಂದರೆ ಹತ್ತುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಾನೇ ಎರಡು ಸಲ ದೂರು ಕೊಟ್ಟಿದ್ದೆ. ಅಂದು ಧ್ವನಿ ನಿಯಂತ್ರಣಕ್ಕೆ ಕೂತಿದ್ದವಳು ನಾನೇ ಆದ್ದರಿಂದ ವಿಚಾರಣೆಗೆ ನನ್ನ ಹೇಳಿಕೆ ಬೇಕಂತೆ. ನಿರ್ದೇಶಕರು ನನ್ನನ್ನು ಕರೆದು, "ದೀಪದ ವಿಷಯ ಎತ್ತಬೇಡಿ, ಅದು ಬೇರೆ ತಲೆನೋವು" ಎಂದರು. ಮೂವತ್ತು ವರ್ಷ ವಾರ್ತೆ ಓದಿದವರು ನೀವು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಿಮ್ಮ
ಪುಟ್ಟಿ


ಮಾರ್ಚ್ 10

ಪುಟ್ಟಿ,

ಪತ್ರ ತಲುಪಿತು. ಆರೋಗ್ಯ ಚೆನ್ನಾಗಿದೆ. ಕಿವಿಯ ವಿಷಯಕ್ಕೆ ನೀನು ವಕೀಲರ ಹಾಗೆ ಸವಾಲು ಹಾಕಬೇಡ. ರೇಡಿಯೋವನ್ನು ಜೋರು ಮಾಡಿಕೊಳ್ಳಬಹುದು, ನಿನ್ನನ್ನು ಜೋರು ಮಾಡಲು ಬರುವುದಿಲ್ಲ.

ಆ ಹುಡುಗಿಯ ಬಗ್ಗೆ ಕೇಳಿದ್ದೀಯ. ಮೈಕಿನ ಮುಂದೆ ಕೂತವರು ಅದು ಸದಾ ತೆರೆದಿದೆ ಎಂದುಕೊಂಡೇ ಕೂರಬೇಕು. ನಮ್ಮ ಕಾಲದಲ್ಲಿ ಒಬ್ಬರು ಸ್ಟುಡಿಯೋದಲ್ಲಿ ಆಕಳಿಸಿದ್ದಕ್ಕೆ ತಿಂಗಳು ಪೂರ್ತಿ ಗ್ರಂಥಾಲಯದಲ್ಲಿ ಧೂಳು ಹೊಡೆದಿದ್ದರು. ದೀಪ ಕೆಟ್ಟಿತ್ತು ಎನ್ನುವುದು ನೆಪ. ದೀಪ ನೋಡಿಕೊಂಡು ನಾಲಿಗೆ ಹಿಡಿಯುವವರು ದೀಪ ಆರಿದ ಮೇಲೆ ಏನು ಬೇಕಾದರೂ ಅನ್ನುವವರೇ. ನಿನ್ನ ಹೇಳಿಕೆಯಲ್ಲಿ ದೀಪವನ್ನು ಎಳೆದು ತರುವ ಅಗತ್ಯ ನನಗಂತೂ ಕಾಣುವುದಿಲ್ಲ.

ಮಾತಿನಮಲ್ಲನ ಹಾಸ್ಯ ನನಗೂ ರುಚಿಸುವುದಿಲ್ಲ. ಆದರೆ ಅವನ ಬಾಯಲ್ಲಿ ಒಂದು ಹೊಲಸು ಪದ ಕೇಳಿಲ್ಲ. ಉಚ್ಚಾರ ಅಚ್ಚುಕಟ್ಟು. ಮಹಾಪ್ರಾಣವನ್ನು ನುಂಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ನಿನಗೆ ಹೇಳಬೇಕಾದ ಸುದ್ದಿಯೊಂದಿದೆ. ಈ ವಯಸ್ಸಿನಲ್ಲಿ ಹೊಸದೊಂದನ್ನು ಕಲಿಯುತ್ತಿದ್ದೇನೆ. ಸ್ವಲ್ಪ ಹದಕ್ಕೆ ಬರಲಿ, ನೀನೇ ಬೆರಗಾಗುವ ಹಾಗೆ ತೋರಿಸುತ್ತೇನೆ. ಅತ್ತೆಯನ್ನು ಕೆದಕಬೇಡ, ಅವಳ ಬಾಯಿಗೆ ಬೀಗ ಹಾಕಿದ್ದೇನೆ.

ಅಪ್ಪ


ಮಾರ್ಚ್ 19

ಅಪ್ಪ,

ನೀವು ಹೇಳಿದ ಹಾಗೇ ಮಾಡಿದೆ. ದೀಪದ ಮಾತೆತ್ತಲಿಲ್ಲ. ಗುಬ್ಬಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು. ಹೇಳಿಕೆಗೆ ಸಹಿ ಹಾಕಿ ಹೊರಗೆ ಬಂದಾಗ ಅವಳು ಮೆಟ್ಟಿಲ ಹತ್ತಿರ ನಿಂತಿದ್ದಳು. "ದೀಪದ ಬಗ್ಗೆ ಬರೆದ್ರಾ ಅಕ್ಕ?" ಎಂದು ಕೇಳಿದಳು. "ಅವರು ಅದನ್ನ ಕೇಳಲೇ ಇಲ್ಲ" ಎಂದೆ. ಅವಳು ತಲೆಯಾಡಿಸಿ ಇಳಿದು ಹೋದಳು. 

ಆದರೆ ಒಂದು ಸಂತೋಷದ ಸುದ್ದಿಯೂ ಇದೆ. ಈಗ ನನ್ನನ್ನು ಮಾತಿನಮಲ್ಲನ ಕಾರ್ಯಕ್ರಮಕ್ಕೆ ಹಾಕಿದ್ದಾರೆ ಎಂದು ಅತ್ತೆಗೆ ಫೋನಿನಲ್ಲಿ ಹೇಳಿದ್ದೆನಲ್ಲ, ಸೋಮವಾರ 'ಬೆಳಿಗ್ಗೆ ಎದ್ದ ಕೂಡಲೇ ಯಾರ ಧ್ವನಿ ಕೇಳಬೇಕು ಅನಿಸುತ್ತದೆ' ಎಂದು ಕೇಳುಗರಿಂದ ಕರೆ ತೆಗೆದುಕೊಳ್ಳುತ್ತಿದ್ದೆವು. ಎಲ್ಲರೂ ಅಮ್ಮ, ಹೆಂಡತಿ, ಮೊಮ್ಮಗು ಅನ್ನುವವರೇ. ಮಲ್ಲನಿಗೆ ಬೇಸರ ಬಂದಿತ್ತು. ಅಷ್ಟರಲ್ಲಿ ಯಾವನೋ ಕಿಡಿಗೇಡಿ ಯಂತ್ರದಲ್ಲಿ ಧ್ವನಿ ಬದಲಾಯಿಸಿಕೊಂಡು ಕರೆ ಮಾಡಿದ. ಡಬ್ಬಿಯೊಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ, ಗರ್ ಗರ್ ಎಂದು. ಇನ್ನು ಮಲ್ಲನನ್ನು ಕೇಳಬೇಕೇ. "ಸಾರ್, ಮಿಕ್ಸಿ ಒಳಗಿಂದ ಮಾತಾಡ್ತಿದೀರಾ? ಮನೆಯವರು ಸ್ವಿಚ್ ಆಫ್ ಮಾಡೋದು ಮರೆತ್ರಾ? ಈ ಧ್ವನಿ ಕೇಳಿದ್ರೆ ಮಲಗಿದೋರೇನು, ಸತ್ತೋರೂ ಎದ್ದು ಓಡ್ತಾರೆ" ಎಂದ. ಆ ಕಡೆಯವನು "ನನ್ನ ಮ" ಎಂದು ಏನೋ ಶುರು ಮಾಡಿದ. ಮಲ್ಲ ಗಾಜಿನ ಆಚೆಯಿಂದ ಬೆರಳಲ್ಲೇ ಕತ್ತರಿ ತೋರಿಸಿದ. ನಾನು ಕರೆ ಕತ್ತರಿಸಿದೆ. ಸ್ಟುಡಿಯೋದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಆ ತುಣುಕನ್ನು ನಾನೇ ಕತ್ತರಿಸಿ, ಹಿಂದೆ ಮಿಕ್ಸಿಯ ಸದ್ದು ಸೇರಿಸಿ ಕೊಟ್ಟೆ. ಈಗ ದಿನವಿಡೀ ಅದೇ ಓಡುತ್ತಿದೆ. ನಿರ್ದೇಶಕರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. ಇಲ್ಲಿಗೆ ಸೇರಿ ಏಳು ತಿಂಗಳಲ್ಲಿ ಇದೇ ಮೊದಲು. ನಿಮಗೆ ಕೇಳಿಸಿತೇ?

ಹೊಸದೇನು ಕಲಿಯುತ್ತಿದ್ದೀರಿ? ಈಜು ಎಂದು ಮಾತ್ರ ಹೇಳಬೇಡಿ.

ಪುಟ್ಟಿ


ಮಾರ್ಚ್ 31

ಪುಟ್ಟಿ,

ಪತ್ರ ಬಂತು. ಉತ್ತರ ತಡವಾಯಿತು, ಬೇರೆ ಕಾರಣವೇನೂ ಇಲ್ಲ.

ತುಣುಕು ಕೇಳಿಸಿತು. ಅದು ಕಿಡಿಗೇಡಿಯ ಕರೆ ಎಂದು ನಿಮಗೆ ಹೇಗೆ ಗೊತ್ತಾಯಿತು? ಸುಮ್ಮನೆ ಕೇಳಿದೆ. ಅದನ್ನು ನಿಲ್ಲಿಸುವುದು ನಿನ್ನ ಕೈಯಲ್ಲಿದ್ದರೆ ನಿಲ್ಲಿಸು.

ಕಲಿಕೆಯನ್ನು ಬಿಟ್ಟಿದ್ದೇನೆ. ವಯಸ್ಸಾದ ಮೇಲೆ ಇಂಥ ಹುಚ್ಚು ಸಲ್ಲದು.

ಅಪ್ಪ


ಏಪ್ರಿಲ್ 5

ಅಪ್ಪ,

ನಾನು ಮೂರು ಪುಟ ಬರೆದರೆ ನೀವು ಅಂಗೈ ಅಗಲದ ಕಾಗದದಲ್ಲಿ ಉತ್ತರ ಮುಗಿಸುತ್ತೀರಿ. ಅದರಲ್ಲೂ ನನ್ನ ಕೆಲಸದ ಬಗ್ಗೆ ಒಂದು ಚುಚ್ಚುಮಾತು. ನಿಮ್ಮ ಸಿಟ್ಟು ಯಾವುದರ ಮೇಲೆ ಎಂದು ನನಗೆ ಗೊತ್ತಿಲ್ಲವೆಂದುಕೊಂಡಿರಾ? ನಾನು ನೀವಿದ್ದ ನಿಲಯದ ವಾರ್ತಾ ವಿಭಾಗ ಬಿಟ್ಟು ಈ ಗದ್ದಲದ ನಿಲಯಕ್ಕೆ ಬಂದೆನಲ್ಲ, ಅಂದಿನಿಂದ ನೀವು ನನ್ನೊಂದಿಗೆ ಬಾಯಿಬಿಟ್ಟು ಮಾತಾಡಿಲ್ಲ. ಕಿವಿಯ ನೆಪ ಬೇರೆ. ಅಮ್ಮ ಇದ್ದಿದ್ದರೆ ಫೋನನ್ನು ನಿಮ್ಮ ಕೈಗೆ ತುರುಕಿ, "ಮಗು ಜೊತೆ ಮಾತಾಡಿ" ಎಂದು ಗದರಿಸುತ್ತಿದ್ದಳು. ನೀವು ಜಗತ್ತಿಗೆಲ್ಲ ಸ್ಪಷ್ಟವಾಗಿ ಓದಿದಿರಿ, ಮನೆಯವರ ಜೊತೆ ಮಾತ್ರ ಯಾವಾಗಲೂ ಅರ್ಧ ಮಾತು.

ಬರೆದ ಮೇಲೆ ಹೊಡೆದು ಹಾಕೋಣ ಎನಿಸಿತು. ಹಾಕುವುದಿಲ್ಲ. ಇರಲಿ.

ಆ ಕರೆಯ ಮೇಲೆ ಈಗ ಒಂದು ದೂರು ಬಂದಿದೆ. ಯಾವುದೋ ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರು, ಗಂಟಲಿನ ಶಸ್ತ್ರಚಿಕಿತ್ಸೆಯಾದವರು ಬಳಸುವ ಯಂತ್ರದ ಧ್ವನಿ ಅದು, ರೋಗಿಗಳನ್ನು ಅವಮಾನಿಸಿದ್ದೀರಿ ಎಂದು ಬರೆದಿದ್ದಾರೆ. ಕರೆ ಮಾಡಿದವರ ಹೆಸರು ಕೊಟ್ಟಿಲ್ಲ. ನಿರ್ದೇಶಕರು ಗಾಬರಿಯಾಗಿಲ್ಲ. ಆದರೂ ಕಡತಕ್ಕೆ ಒಂದು ವಿವರಣೆ ಬೇಕಂತೆ, ಅದನ್ನು ನಾನೇ ಬರೆಯಬೇಕಂತೆ. ಕರಡು ಇಲ್ಲಿದೆ:

'ಮೇಲ್ಕಂಡ ದಿನದ ಕಾರ್ಯಕ್ರಮಕ್ಕೆ ಒಬ್ಬ ಅನಾಮಧೇಯ ವ್ಯಕ್ತಿಯಿಂದ ಕರೆ ಬಂದಿತು. ಸದರಿ ವ್ಯಕ್ತಿಯು ಕೀಟಲೆಯ ಉದ್ದೇಶದಿಂದ ಧ್ವನಿಯನ್ನು ಮರೆಮಾಚಿದ್ದು ಸ್ಪಷ್ಟವಾಗಿತ್ತು. ಆದ್ದರಿಂದ ನಿರೂಪಕರು ಹಾಸ್ಯದಿಂದ ಪ್ರತಿಕ್ರಿಯಿಸಿದರು ಮತ್ತು ಕರೆಯನ್ನು ಕೊನೆಗೊಳಿಸಲಾಯಿತು.'

ಹದಿಮೂರರಂದು ಸಭೆ. ಸಿಟ್ಟು ಎಷ್ಟಾದರೂ ಇರಲಿ, ನನ್ನ ಬರವಣಿಗೆಯನ್ನು ನೀವು ತಿದ್ದದೆ ಎಲ್ಲಿಗೂ ಕೊಟ್ಟಿಲ್ಲ. ನೋಡಿ ಕಳಿಸಿ.

ಪುಟ್ಟಿ


ಏಪ್ರಿಲ್ 9

ಪುಟ್ಟಿ,

ಕರಡು ನೋಡಿದೆ. ವ್ಯಾಕರಣ ತಪ್ಪಿಲ್ಲ. ಎರಡನೆಯ ವಾಕ್ಯದಲ್ಲಿ ಸಂಗತಿ ತಪ್ಪಿದೆ. ಕರೆ ಮಾಡಿದವನು ಧ್ವನಿಯನ್ನು ಮರೆಮಾಚಿರಲಿಲ್ಲ. ಅವನಿಗೆ ಈಗ ಇರುವುದು ಅದೊಂದೇ ಧ್ವನಿ. ಅವನು ನಾನು.

ಒಮ್ಮೆ ನೀರು ಕುಡಿದು ಮುಂದೆ ಓದು.

ನೀನು ಆ ಕೆಲಸಕ್ಕೆ ಸೇರುವ ಹೊತ್ತಿಗೆ ನನ್ನ ಗಂಟಲು ಕಟ್ಟಿಕೊಂಡಿತ್ತು. ಶೀತ ಎಂದುಕೊಂಡೆ. ಪರೀಕ್ಷೆ ಮಾಡಿಸಿದಾಗ ಗಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಕತ್ತಿನಲ್ಲಿರುವ ಒಂದು ರಂಧ್ರದಿಂದ ಉಸಿರಾಡುತ್ತೇನೆ. ಬೇರೆ ತೊಂದರೆಯಿಲ್ಲ, ಗಡ್ಡೆ ಪೂರ್ತಿ ಹೋಗಿದೆ ಎಂದಿದ್ದಾರೆ. ಕಿವಿ ಎರಡೂ ಚೆನ್ನಾಗಿವೆ. ನೀನು ಫೋನ್ ಮಾಡಿದಾಗಲೆಲ್ಲ ಅತ್ತೆಯ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ.

ನಿನಗೇಕೆ ಹೇಳಲಿಲ್ಲ? ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ಅತ್ತೆಗೆ ಹೇಳಿದ್ದೆ. ಅದು ಅರ್ಧ ನಿಜ. ವಾರ್ತೆ ಓದುತ್ತಿದ್ದವರ ಗಂಟಲೇ ಹೋಯಿತಂತೆ, ಅಯ್ಯೋ ಪಾಪ ಎನ್ನುವ ಮಾತು ಯಾರ ಬಾಯಿಂದಲೂ ಬರಬಾರದು ಎಂಬ ಜಂಬ ಉಳಿದ ಅರ್ಧ.

ಚಳಿಗಾಲದಲ್ಲಿ ಡಾಕ್ಟರಮ್ಮ ಒಂದು ಯಂತ್ರ ಕೊಟ್ಟರು. ಟಾರ್ಚಿನಷ್ಟಿದೆ. ಗಂಟಲಿಗೆ ಒತ್ತಿ ಹಿಡಿದು ತುಟಿ ಆಡಿಸಬೇಕು. ಅಕ್ಷರಮಾಲೆಯಿಂದ ಶುರು ಮಾಡಿಸಿದರು. ಮಹಾಪ್ರಾಣ ಹೊರಡುವುದೇ ಇಲ್ಲ. ಅದಕ್ಕೆ ಉಸಿರು ಬೇಕು, ನನ್ನ ಉಸಿರು ಬಾಯಿಗೆ ಬರುವುದೇ ಇಲ್ಲ. 'ಅಧ್ಯಯನ' ಎಂದರೆ 'ಅದ್ಯಯನ' ಎಂದೇ ಕೇಳಿಸುತ್ತದೆ. ಎಷ್ಟು ಜನರನ್ನು ಅದಕ್ಕಾಗಿ ಅಳಿಸಿದ್ದೇನೋ. ಆದರೂ ಛಲ ಹಿಡಿದೆ. ನಿಮ್ಮ ಕಾರ್ಯಕ್ರಮದ ಪ್ರಶ್ನೆ ಹಿಂದಿನ ವಾರವೇ ಪ್ರಕಟವಾಗಿತ್ತಲ್ಲ, ಆಗಲೇ ನಿರ್ಧರಿಸಿದೆ. ನೀನು ಅಲ್ಲಿ ಕೂತಿರುತ್ತೀಯ, ನನ್ನ ಹೊಸ ಧ್ವನಿಯನ್ನು ಮೊದಲು ನೀನೇ ಕೇಳಬೇಕು, ನಾನು ಬೇಸರದಲ್ಲಿಲ್ಲ ಎಂದು ನಿನಗೆ ಗೊತ್ತಾಗಬೇಕು ಎಂದು. ಅತ್ತೆ ಫೋನ್ ಹಚ್ಚಿ ಕೊಟ್ಟಳು. 'ನನ್ನ ಮಗಳ ಧ್ವನಿ' ಎನ್ನುವ ಒಂದು ವಾಕ್ಯವನ್ನು ವಾರವೆಲ್ಲ ಅಭ್ಯಾಸ ಮಾಡಿದ್ದೆ.

ಆಮೇಲೆ ನಡೆದದ್ದು ನಿನಗೆ ಗೊತ್ತು. ಮಾರನೆಯ ದಿನ ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ನಿಮ್ಮ ತುಣುಕು ಕೇಳಿ ಕೌಂಟರಿಗೆ ತಟ್ಟಿ ತಟ್ಟಿ ನಗುತ್ತಿದ್ದ. ಯಂತ್ರ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಬೇಕಾದ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಅಂದಿನಿಂದ ಯಂತ್ರ ಮೇಜಿನ ಖಾನೆಯಲ್ಲಿದೆ. ಪಾಠಕ್ಕೆ ಹೋಗದಿದ್ದಾಗ ಡಾಕ್ಟರಮ್ಮ ಅತ್ತೆಯನ್ನು ವಿಚಾರಿಸಿದರು. ದೂರು ಕೊಡಿ ಎಂದು ನಾನು ಹೇಳಿಲ್ಲ.

ಆ ದಿನದಿಂದ ನನ್ನನ್ನು ಕೊರೆಯುತ್ತಿರುವುದು ಮಾತಿನಮಲ್ಲನ ಮಾತಿಗಿಂತ ನನ್ನದೇ ಒಂದು ಮಾತು. ಅವನ ಬಾಯಲ್ಲಿ ಹೊಲಸು ಪದ ಕೇಳಿಲ್ಲ ಎಂದು ನಿನಗೆ ಬರೆದಿದ್ದೆ. ಅಂದೂ ಒಂದೂ ಇರಲಿಲ್ಲ. ಮಹಾಪ್ರಾಣಗಳೆಲ್ಲ ಇದ್ದಲ್ಲೇ ಇದ್ದವು. ನಾನು ಫೋನ್ ಹಿಡಿದುಕೊಂಡು ಕೂತಿದ್ದೆ, ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆ ಹುಡುಗಿ ಬಿಸಿ ಚಹಾ ಬಿದ್ದು ಬೈದದ್ದು ಯಾರನ್ನು? ಯಾರನ್ನೂ ಅಲ್ಲ. ಅವಳಿಗೆ ದೀಪದ ನೆಪ ಬೇಡವೆಂದವನು ನಾನು.

ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ಗೊತ್ತಿರಲಿಲ್ಲ. ಆದರೆ 'ಗೊತ್ತಿರಲಿಲ್ಲ' ಎಂದು ಬರೆಯುವುದು ಬೇರೆ, 'ಸ್ಪಷ್ಟವಾಗಿತ್ತು' ಎಂದು ಬರೆಯುವುದು ಬೇರೆ. ನನಗಾಗಿ ಏನನ್ನೂ ಬರೆಯಬೇಡ. ಕರೆ ಮಾಡಿದವನು ಯಾರೋ ಆಗಿದ್ದರೆ ಏನು ಬರೆಯಬೇಕಿತ್ತೋ ಅದನ್ನು ಬರೆ.

ಅರ್ಧ ಮಾತಿನ ಬಗ್ಗೆ ನೀನು ಅಂದದ್ದು ನಿಜ. ಹೊಡೆದು ಹಾಕದಿದ್ದದ್ದು ಒಳ್ಳೆಯದಾಯಿತು.

ಅಪ್ಪ


ಏಪ್ರಿಲ್ 24

ಅಪ್ಪ,

ನಿಮ್ಮ ಪತ್ರ ಬಂದ ದಿನ ಫೋನ್ ಮಾಡಿದೆ. ಅತ್ತೆ ಎತ್ತಿದರು. ಪತ್ರ ಬಂತು ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆಮೇಲೆ ಬರೆಯಲು ಕೂತಾಗಲೆಲ್ಲ ಬರೆದದ್ದನ್ನು ಹರಿದು ಹಾಕಿದೆ. ಏನಾಯಿತು ಎಂಬುದನ್ನಾದರೂ ಕ್ರಮವಾಗಿ ಹೇಳುತ್ತೇನೆ.

ಮೊದಲು ಕರೆಯ ಮೂಲ ಧ್ವನಿಮುದ್ರಣ ಹಾಕಿ ಕೇಳಿದೆ. ನಾನು ನಿಮ್ಮನ್ನು ಪ್ರಸಾರದಿಂದ ತೆಗೆದ ಮೇಲೂ ಆ ಫೋನ್ ಸಾಲು ಸ್ವಲ್ಪ ಹೊತ್ತು ಮುದ್ರಣವಾಗುತ್ತಲೇ ಇತ್ತು. ಹೊರಗೆ ಯಾರಿಗೂ ಕೇಳಿಸದು. ನೀವು ನಿಲ್ಲಿಸಿರಲಿಲ್ಲ ಅಪ್ಪ. 'ಮಗಳ ಧ್ವನಿ' ಎಂದು ವಾಕ್ಯ ಮುಗಿಸಿದ್ದೀರಿ. ಆಮೇಲೆ "ಹಲೋ" ಎಂದಿದ್ದೀರಿ. ಇನ್ನೊಂದು ಸಲ "ಹಲೋ" ಎಂದಿದ್ದೀರಿ. ಹಿಂದೆ ಅತ್ತೆ "ಇಡಣ್ಣ, ಇಟ್ಟುಬಿಡು" ಎನ್ನುತ್ತಾರೆ.

ಹದಿಮೂರರ ಸಭೆಗೆ ಹೊಸ ವಿವರಣೆ ಬರೆದುಕೊಂಡು ಹೋದೆ. ಕರೆ ಕೀಟಲೆಯದೆಂದು ತಿಳಿಯಲು ಯಾವ ಆಧಾರವೂ ಇರಲಿಲ್ಲ, ಕರೆ ಮಾಡಿದವರು ನಾವು ಕೇಳಿದ ಪ್ರಶ್ನೆಗೇ ಉತ್ತರ ಹೇಳುತ್ತಿದ್ದರು, ಅವರನ್ನು ಅಣಕಿಸಲಾಯಿತು, ನಾನು ಕತ್ತರಿಸಿದೆ, ತುಣುಕು ಮಾಡಿದವಳೂ ನಾನೇ ಎಂದು ಬರೆದೆ. ಕೆಳಗೆ ದೀಪದ ವಿಷಯವನ್ನೂ, ನಾನು ಎರಡು ಸಲ ದೂರು ಕೊಟ್ಟದ್ದನ್ನೂ, ಹಿಂದಿನ ಹೇಳಿಕೆಯಲ್ಲಿ ಅದನ್ನು ಬಿಟ್ಟದ್ದನ್ನೂ ಸೇರಿಸಿದೆ. ನಿಮ್ಮ ಹೆಸರು ಎತ್ತಲಿಲ್ಲ.

ನಿರ್ದೇಶಕರು ಓದಿ ಕನ್ನಡಕ ತೆಗೆದರು. "ಏನ್ರೀ ಇದು? ನಾನು ಕೇಳಿದ್ದು ನಾಲ್ಕು ಸಾಲು."

"ನಡೆದದ್ದು ಇಷ್ಟು ಸರ್."

"ಆಯ್ತು, ಹಾಸ್ಯ ಒಂದು ಕೈ ಹೆಚ್ಚಾಯ್ತು ಅಂತ ಇಟ್ಕೊಳ್ಳಿ. ಅದಕ್ಕೂ ಆ ಹುಡುಗಿಗೂ ಏನ್ ಸಂಬಂಧ? ಅವಳು ಅಂದದ್ದು ಅಶ್ಲೀಲ."

"ಅವಳ ಒಂದು ಪದಕ್ಕೆ ಮೂರು ತಿಂಗಳು. ಇದಕ್ಕೆ ಎಷ್ಟು ಅಂತ ಕೇಳ್ತಿದೀನಿ ಅಷ್ಟೆ."

ಮಾತಿನಮಲ್ಲ ಕುರ್ಚಿಗೆ ಒರಗಿ ಕೂತಿದ್ದ. "ಕೀಟಲೆ ಕರೆ ಅಲ್ಲ ಅಂತ ಇವರಿಗೆ ಯಾರು ಹೇಳಿದ್ರಂತೆ? ಆ ಮನುಷ್ಯನೇ ಬಂದು ಹೇಳಿದ್ನಾ?" ಎಂದು ನಕ್ಕ. ಆಗ ತಡೆಯಲಾಗಲಿಲ್ಲ. "ಪತ್ರ ಬರೆದು ಹೇಳಿದ್ರು. ಅವರು ನಮ್ಮಪ್ಪ" ಎಂದೆ. ನೀವು ಬೇಡವೆಂದಿದ್ದಿರಿ, ಕ್ಷಮಿಸಿ.

ನಿಮ್ಮ ವಾರ್ತೆ ಕೇಳಿ ಬೆಳೆದವರು ಆ ಕೋಣೆಯಲ್ಲಿ ಇಬ್ಬರಾದರೂ ಇದ್ದರು. ಮಲ್ಲನ ಮುಖ ನಿಜವಾಗಿಯೂ ಸಣ್ಣದಾಯಿತು. ಎದ್ದು ನನ್ನ ಹತ್ತಿರ ಬಂದು, "ನಿಮ್ಮಪ್ಪ ಅಂತ ಒಂದು ಸನ್ನೆ ಮಾಡಬಾರದಿತ್ತಾ? ನಾನು ಒಂದಕ್ಷರ ಅಂತಿರಲಿಲ್ಲ, ಆಣೆಗೂ" ಎಂದ. ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಯಾರಪ್ಪ ಎಂದು ನೋಡಿ ನಾಲಿಗೆ ಬಿಡುವವನು ಅವನೊಬ್ಬನೇ ಅಲ್ಲ ಎನಿಸಿತು. ನಾನೂ ಅಂದು ನಕ್ಕಿದ್ದೆನಲ್ಲ.

ತುಣುಕನ್ನು ತೆಗೆದರು. ಮಲ್ಲ ಒಂದು ವಾರ ರಜೆ ಹೋದ. ಮೊನ್ನೆ ಮರಳಿ ಬಂದು, "ಯಾರಿಗಾದರೂ ನೋವಾಗಿದ್ದರೆ" ಎಂದು ಅರ್ಧ ನಿಮಿಷ ಹೇಳಿದ. ಅವನನ್ನು ಸ್ವಾಗತಿಸುವ ಕರೆಗಳು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಗುಬ್ಬಿಯನ್ನು ವಾಪಸು ಕರೆದಿದ್ದಾರೆ, ಮೈಕಿನ ಮುಂದಕ್ಕಲ್ಲ, ಹಳೆಯ ಧ್ವನಿಮುದ್ರಣಗಳ ಕೋಣೆಗೆ. ಅವಳ ಬಳಿ ಹೋಗಿ ಮಾತಾಡಿದೆ. "ಮೊದಲೇ ಬರೀಬಹುದಿತ್ತಲ್ಲ ಅಕ್ಕ" ಎಂದಳು. ಅಷ್ಟೇ. ಎದುರು ಸಿಕ್ಕರೆ ಮುಖ ತಿರುಗಿಸುವುದಿಲ್ಲ, ನಗುವುದೂ ಇಲ್ಲ. ನನ್ನನ್ನು ಜಾಹೀರಾತು ಜೋಡಿಸುವ ವಿಭಾಗಕ್ಕೆ ಹಾಕಿದ್ದಾರೆ. ಕಿಟಕಿಯಿಲ್ಲದ ಕೋಣೆ. ದಿನವಿಡೀ ಸಾಬೂನು, ಸಿಮೆಂಟು.

ನಿರ್ದೇಶಕರು ನಿಮ್ಮನ್ನು ಕರೆಸಿ ಸನ್ಮಾನ ಮಾಡುತ್ತಾರಂತೆ, ವಿಳಾಸ ತೆಗೆದುಕೊಂಡಿದ್ದಾರೆ. ನಿಮಗೆ ಹೇಗೆ ತೋರುತ್ತದೋ ಹಾಗೆ ಮಾಡಿ.

ನಾನು ಬರಲೇ? ಬಾ ಎಂದರೆ ಬರುತ್ತೇನೆ.

ಪುಟ್ಟಿ


ಏಪ್ರಿಲ್ 29

ಪುಟ್ಟಿ,

ನಿಮ್ಮ ನಿರ್ದೇಶಕರ ಪತ್ರ ಬಂತು. ದಪ್ಪ ಕಾಗದ, ಮೂರು ಕಡೆ ಕಾಗುಣಿತ ತಪ್ಪು. ಶಾಲು ಹೊದಿಸಿ, ಮಾತಿನಮಲ್ಲನ ಕೈಯಿಂದಲೇ ಹಾರ ಹಾಕಿಸುತ್ತಾರಂತೆ. ಆ ಹುಡುಗಿ ಮತ್ತೆ ವಾರ್ತೆ ಓದುವ ದಿನ ಬಂದು ಕೇಳುಗರ ಸಾಲಿನಲ್ಲಿ ಕೂರುತ್ತೇನೆ, ಅಲ್ಲಿಯವರೆಗೆ ಶಾಲು ನಿಮ್ಮಲ್ಲೇ ಇರಲಿ ಎಂದು ಉತ್ತರ ಬರೆದೆ. ಅವಳಿಗೂ ಬೇರೆಯಾಗಿ ಒಂದು ಪತ್ರ ಹಾಕಿದ್ದೇನೆ. ದೀಪದ ಬಗ್ಗೆ ನೀನು ಬರೆಯದಿದ್ದದ್ದಕ್ಕೆ ಕಾರಣ ನಾನು ಎಂದು ತಿಳಿಸಿದ್ದೇನೆ. ಅವಳು ಉತ್ತರಿಸಬೇಕೆಂದೇನೂ ಇಲ್ಲ.

ಯಂತ್ರವನ್ನು ಖಾನೆಯಿಂದ ತೆಗೆದೆ. ನಿನ್ನೆ ಔಷಧಿ ಅಂಗಡಿಗೆ ಹೋಗಿ ಮಾತ್ರೆಯನ್ನು ಬಾಯಲ್ಲೇ ಕೇಳಿದೆ. ಅಂಗಡಿಯವನು ಬೆಚ್ಚಿ ನೋಡಿದ, ಆಮೇಲೆ ಹೋಗಿ ರೇಡಿಯೋ ಸದ್ದು ತಗ್ಗಿಸಿದ. ಮೊದಲು ಬೇರೆ ಮಾತ್ರೆ ಕೊಟ್ಟ. ಇದಲ್ಲ ಎಂದು ಇನ್ನೊಮ್ಮೆ ಹೇಳಿದೆ. ಹಿಂದೆ ಸಾಲಿನಲ್ಲಿದ್ದವರು ಕಾದರು. ಮೂರನೆಯ ಸಲಕ್ಕೆ ಸರಿಯಾದದ್ದು ಕೊಟ್ಟ. ಕಿವಿಯವರೆಗೂ ಬಿಸಿಯಾಗಿತ್ತು ನನಗೆ. ಆದರೂ ಚೀಟಿ ಬರೆಯಲಿಲ್ಲ.

ಬರಲೇ ಎಂದು ಕೇಳುತ್ತೀಯಲ್ಲ. ಬಾ. ನಿನ್ನ ಕೋಣೆಯನ್ನು ಅತ್ತೆ ಆಗಲೇ ಗುಡಿಸಿ ಇಟ್ಟಿದ್ದಾಳೆ. ಬಂದಾಗ ನನ್ನ ಕತ್ತು ನೋಡಿ ಅಳುವುದಾದರೆ ಬಾಗಿಲಲ್ಲೇ ಅತ್ತು ಮುಗಿಸಿ ಒಳಗೆ ಬಾ. ನಿನಗೆ ಹೇಳುವುದು ತುಂಬ ಇದೆ, ಪೂರ್ತಿ ಮಾತುಗಳು. ಮೊದಲ ದಿನ ನಾನು ಅನ್ನುವುದು ನಿನಗೆ ಅರ್ಥವಾಗುವುದಿಲ್ಲ, ಅತ್ತೆಗೂ ಆಗಿರಲಿಲ್ಲ. ಎರಡನೆಯ ದಿನಕ್ಕೆ ಕಿವಿ ಪಳಗುತ್ತದೆ. ಒಂದೇ ದಿನದ ರಜೆ ಹಾಕಿ ಬರಬೇಡ.

ಅಪ್ಪ